ಟೆಲಿಪ್ರಿಂಟರಿನ ಸಡಿಲ ತಂತಿ

೧೯೭೮ರಲ್ಲಿ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿದ್ದ ಒಂದು ದಿನಪತ್ರಿಕೆಯ ಕಚೇರಿಗೆ ಟೆಲಿಪ್ರಿಂಟರ್ ಬಂತು. ಇಲ್ಲಿ ಕೀಲಿ ಒತ್ತಿದರೆ ತಂತಿಯ ಮೂಲಕ ಹುಬ್ಬಳ್ಳಿಯ ಮುಖ್ಯ ಕಚೇರಿಯ ಕಾಗದದ ಮೇಲೆ ಅಕ್ಷರ ಬೀಳುತ್ತಿತ್ತು. ಕೀಲಿಗಳೆಲ್ಲ ಇಂಗ್ಲಿಷಿನವು, ಕನ್ನಡದ ಸುದ್ದಿಯನ್ನೂ ಅದೇ ಅಕ್ಷರಗಳಲ್ಲಿ ಬಡಿಯಬೇಕು. ಆ ಕೆಲಸಕ್ಕೆ ಸೇರಿದವಳು ತಿಕೋಟಾದ ಪೀರಾಂಬಿ.

ಹಿರಿಯ ವರದಿಗಾರ ಯಲಗೂರಪ್ಪನಿಗೆ ಯಂತ್ರವೂ ಬೇಡ, ಅವಳೂ ಬೇಡ. ಇಪ್ಪತ್ತು ವರ್ಷ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿ ಫೋನಿನಲ್ಲಿ ಕೂಗಿ ಕೂಗಿ ಸುದ್ದಿ ಹೇಳಿದವನು ಆತ. ಈಗ ಬರೆದ ಕಾಗದವನ್ನು ಅವಳ ಮೇಜಿನ ಮೇಲೆ ಎಸೆದು ಹೋಗುತ್ತಿದ್ದ.

ಎರಡನೇ ವಾರ ಹುಬ್ಬಳ್ಳಿಯಿಂದ ದೂರು ಶುರುವಾದವು. ಅಕ್ಷರ ಕಲಸಿ ಬರುತ್ತಿವೆಯಂತೆ.

"ಹಿಂಗಾದ್ರ ನಿನ್ನ ಮನಿಗೆ ಕಳಸಬೇಕಾಗ್ತೈತಿ ನೋಡವಾ," ಎಂದು ವ್ಯವಸ್ಥಾಪಕ ಶಾಂತಪ್ಪ ಸಿಡುಕಿದ.

"ಆಕಿಗೆ ಅಕ್ಷರನ ಗೊತ್ತಿಲ್ರಿ," ಎಂದ ಯಲಗೂರಪ್ಪ.

ಪೀರಾಂಬಿ ತನ್ನ ಯಂತ್ರದಲ್ಲಿದ್ದ ಪ್ರತಿಯನ್ನು ಓದಿದಳು. ಒಂದಕ್ಷರವೂ ತಪ್ಪಿರಲಿಲ್ಲ. ಹಾಗಾದರೆ ದೋಷ ಕೀಲಿಗಳಲ್ಲಿಲ್ಲ, ಮುಂದೆಲ್ಲೋ ಇದೆ. ತಂತಿಯನ್ನೇ ನೋಡುತ್ತ ಗೋಡೆಗುಂಟ ಹೋದಳು. ಅದು ಯಲಗೂರಪ್ಪನ ಕುರ್ಚಿಯ ಹಿಂದಿದ್ದ ಪೆಟ್ಟಿಗೆಯೊಳಗೆ ಸೇರಿತ್ತು. ಒಳಗೆ ತಂತಿ ಹಿಡಿದ ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿದಳು. ಮರುದಿನ ಮತ್ತೆ ಸಡಿಲ!

"ಇದನ್ನ ನೀವ ಸಡ್ಲ ಮಾಡೀರೇನ್ರಿ?" ಎಂದು ಯಲಗೂರಪ್ಪನನ್ನೇ ಕೇಳಿದಳು.

"ಹೂಂ, ಮಾಡೇನಿ. ಯಾರಿಗರ ಹೇಳ್ಕೋ ಹೋಗ. ನಿನ್ನ ಮಾತು ಯಾರ್ ನಂಬ್ತಾರ?" ಎಂದು ಹೊರಗೆ ನಡೆದ.

ಶಾಂತಪ್ಪನಿಗೆ ತೋರಿಸಿಯೇ ಬಿಗಿ ಮಾಡಬೇಕೆಂದು ಅವಳು ಅದನ್ನು ಹಾಗೆಯೇ ಬಿಟ್ಟಳು. ಶಾಂತಪ್ಪ ಬಂದು ಕೂತದ್ದೇ ತಡ, ಯಲಗೂರಪ್ಪ ಬೆವರುತ್ತ ಒಳಗೆ ನುಗ್ಗಿದ. ಬಬಲೇಶ್ವರದ ಹಾದಿಯಲ್ಲಿ ಬಸ್ಸು ಉರುಳಿತ್ತು. ಗಾಯಗೊಂಡ ಹದಿನೇಳು ಜನರ ಹೆಸರಿನ ಪಟ್ಟಿ ಅವನ ಕೈಯಲ್ಲಿತ್ತು. ಟ್ರಂಕ್ ಕಾಲ್ ಸಿಗಲು ಮೂರು ತಾಸು ಎಂದು ಟೆಲಿಫೋನ್ ಕಚೇರಿಯವರು ಹೇಳಿದ್ದರು.

"ಹೊಡಿ, ಲಗೂ ಹೊಡಿ!" ಎಂದ ಪೀರಾಂಬಿಗೆ.

ಅವಳು ಕೀಲಿಗಳ ಮೇಲಿಂದ ಕೈ ಎತ್ತಿದಳು. "ತಂತಿ ಸಡ್ಲ ಐತ್ರಿ." ಸ್ಕ್ರೂಡ್ರೈವರ್ ಅವನ ಮುಂದೆ ಹಿಡಿದಳು. "ಸಡ್ಲ ಮಾಡಿದವರ ಬಿಗಿ ಮಾಡ್ರಿ."

ಶಾಂತಪ್ಪ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದ. ಯಲಗೂರಪ್ಪ ಸ್ಕ್ರೂಡ್ರೈವರ್ ತೆಗೆದುಕೊಳ್ಳದೆ ನಿಂತ.

"ನಿಂತೀ ಯಾಕ? ಮಾಡ," ಎಂದ ಶಾಂತಪ್ಪ ತಣ್ಣಗೆ.

ಯಾವುದು, ಎಲ್ಲಿ ಎಂದು ಕೇಳದೆಯೇ ಯಲಗೂರಪ್ಪ ತನ್ನ ಕುರ್ಚಿಯ ಹಿಂದಿನ ಪೆಟ್ಟಿಗೆ ತೆರೆದು ಸ್ಕ್ರೂ ತಿರುವಿದ. ಪೀರಾಂಬಿ ಹದಿನೇಳೂ ಹೆಸರುಗಳನ್ನು ಬಡಿದಳು. ಎಲ್ಲ ಸರಿಯಾಗಿ ಮುಟ್ಟಿವೆ ಎಂದು ಹುಬ್ಬಳ್ಳಿಯಿಂದ ಉತ್ತರ ಬಂತು.

ಮರುದಿನ ಶಾಂತಪ್ಪ ಯಲಗೂರಪ್ಪನ ಕುರ್ಚಿಯನ್ನು ಪೆಟ್ಟಿಗೆಯಿಂದ ದೂರ, ಬಾಗಿಲ ಬಳಿ ಹಾಕಿಸಿದ. ಒಂದೇ ಕೋಣೆಯಲ್ಲಿ ಮುಂದೆ ಆರು ವರ್ಷ ಕೆಲಸ ಮಾಡಿದರೂ ಆತ ಅವಳೊಂದಿಗೆ ಮತ್ತೆ ಮಾತಾಡಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ.