ಊನಾಳ ಒಲೆಯ ಕೆಂಡ

ನಾನು ಹುಟ್ಟಿದ ಬೆಳಗ್ಗೆ ಕಡಲ ಕಡೆಯಿಂದ ಎದ್ದ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಅಚ್ಚು ಒಡೆದು ನನ್ನನ್ನು ಹೊರತೆಗೆದ ಎರಕದವನಿಗೇ ನನ್ನ ಮುಖ ಸರಿಯಾಗಿ ಕಾಣಲಿಲ್ಲ. ನಾನು ಮೂರು ಕಾಲಿನ ಕಬ್ಬಿಣದ ಪಾತ್ರೆ. ಹುಟ್ಟಿದ್ದು ಐರ್ಲೆಂಡಿನಲ್ಲಿ. ಸಂತೆಯಲ್ಲಿ ನನ್ನನ್ನು ಕೊಂಡವನು ಮ್ಯಾನಸ್ ಎಂಬ ಗೇಣಿದಾರ. ಅವನ ಹೆಂಡತಿ ಊನಾ ನನ್ನಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದಳು.

ಅಲ್ಲಿ ಒಲೆ ಆರಬಾರದು. ಮಲಗುವ ಮುನ್ನ ದೇವಮಾತೆಯ ಹೆಸರು ಹೇಳಿ ಕೆಂಡಕ್ಕೆ ಬೂದಿ ಮುಚ್ಚುವುದು, ಬೆಳಗ್ಗೆ ಬೂದಿ ಸರಿಸಿ ಊದುವುದು. ಊನಾಳ ಒಲೆಯ ಬೆಂಕಿ ಅವಳ ಅತ್ತೆಯ ಅತ್ತೆಯ ಕಾಲದ್ದು.

ಇಂಗ್ಲಿಷರದ್ದು ಹೋಗಿ ನಮ್ಮದೇ ಸಂಸತ್ತು ಬರುತ್ತದೆಂದು ನಾಯಕರು ಹೇಳಿದಾಗ ಮ್ಯಾನಸ್ ನಂಬಿದ. ದೊಡ್ಡ ಸಭೆಗೆ ನಡೆದೇ ಹೋದ. ಸರ್ಕಾರದ ಸಿಪಾಯಿಗಳನ್ನು ಕಂಡು ನಾಯಕರು ಸಭೆಯನ್ನೇ ನಿಲ್ಲಿಸಿಬಿಟ್ಟರು. ಹಿಂತಿರುಗಿದವನು ಒಲೆಯ ಮುಂದೆ ಕೂತ, ಬೂಟನ್ನೂ ಬಿಚ್ಚಲಿಲ್ಲ. ಮುಂದೆ ರೋಗ ಬಡಿದು ಆಲೂಗಡ್ಡೆ ನೆಲದಲ್ಲೇ ಕೊಳೆಯಿತು, ತಿನ್ನಲು ಬೇರೇನೂ ಇರಲಿಲ್ಲ. ಅಮೆರಿಕದ ಹಡಗು ಹತ್ತುವುದೆಂದಾಯಿತು.

"ನೀರು ಸುರಿದುಬಿಡೇ. ದೇಶವೇ ಆರಿಹೋಯ್ತು, ಇದೊಂದು ಯಾಕೆ?" ಎಂದ ಮ್ಯಾನಸ್.

ಊನಾ ಇಕ್ಕಳ ಎತ್ತಿಕೊಂಡಳು. ಕೆಂಡವನ್ನು ನನ್ನೊಳಗೆ ತುಂಬಿಕೊಂಡು ಪಕ್ಕದ ಮನೆಯ ವಿಧವೆ ಸೋರ್ಚಾಳ ಬಳಿಗೆ ಒಯ್ದಳು. ಊರು ಬಿಡುವವರು ತಮ್ಮ ಬೆಂಕಿಯನ್ನು ನೆರೆಯವರ ಒಲೆಗೆ ಸೇರಿಸಿ ಹೋಗುವುದು ಅಲ್ಲಿಯ ಪದ್ಧತಿ. ಮರಳಿ ಬಂದರೆ ಅಲ್ಲಿಂದಲೇ ಪಡೆಯುವುದು. ಆರಗೊಡುವುದಿಲ್ಲವೆಂದು ಸೋರ್ಚಾ ಮಾತು ಕೊಟ್ಟಳು. ನಾನೂ ಅವಳ ಬಳಿಯೇ ಉಳಿದೆ.

ಗೇಣಿ ಬಾಕಿಯಾದಾಗ ಜಮೀನ್ದಾರನ ಆಳುಗಳು ಅವಳನ್ನು ಒಕ್ಕಲೆಬ್ಬಿಸಲು ಬಂದರು. ಅವರು ಮೊದಲು ನಂದಿಸುವುದು ಒಲೆಯನ್ನೇ. ಸೋರ್ಚಾ ಹಾಸಿಗೆ ಬಿಟ್ಟಳು, ಗಂಡ ಮಾಡಿಟ್ಟ ಮಣೆ ಬಿಟ್ಟಳು, ನನ್ನಲ್ಲಿ ಕೆಂಡ ತುಂಬಿಕೊಂಡು ಹಿಂಬಾಗಿಲಿಂದ ಹೊರಬಿದ್ದಳು. ಹಳ್ಳದ ದಂಡೆಯ ಗುಡಿಸಲು ಸೋರಿದಾಗ ಶಾಲನ್ನು ತನ್ನ ತಲೆಗಲ್ಲ, ನನ್ನ ಮೇಲೆ ಹೊದಿಸಿದಳು. ಅಂಥ ಕೈಯಲ್ಲಿದ್ದೆನಲ್ಲ, ಅದೇ ನನ್ನ ಪುಣ್ಯ.

ಈಗ ನನ್ನದೊಂದು ಕಾಲು ಮುರಿದಿದೆ, ಊನಾಳ ಮನೆಯ ಮೂಲೆಯಲ್ಲಿ ಗೋಡೆಗೊರಗಿದ್ದೇನೆ. ನಾಯಕರ ಮಾತುಗಳು ಮರೆತುಹೋಗಿವೆ. ಊನಾ ಮರಳಿ ಬಂದ ಬೆಳಗು ಮಾತ್ರ ಮರೆತಿಲ್ಲ.

ವರ್ಷಗಳೇ ಕಳೆದಿದ್ದವು. ಮ್ಯಾನಸ್ ತೀರಿಕೊಂಡು ಅಮೆರಿಕದ ಮಣ್ಣು ಸೇರಿದ್ದ. ತಲೆ ನರೆತ ಊನಾ ಒಬ್ಬಳೇ ಬಂದು ಚಿಕ್ಕ ಗುಡಿಸಲು ಹಿಡಿದಿದ್ದಳು. ಅಂದು ಮೇ ತಿಂಗಳ ಮೊದಲ ದಿನ. ಆ ದಿನ ಬೆಂಕಿಯನ್ನು ಹೊಸ್ತಿಲಾಚೆ ಕೊಟ್ಟರೆ ಮನೆಯ ಭಾಗ್ಯವೂ ಹೊರಟುಹೋಗುತ್ತದೆಂದು ಅಲ್ಲಿಯವರ ನಂಬಿಕೆ. ಹಳ್ಳದ ದಂಡೆಗೆ ಹುಡುಕಿಕೊಂಡು ಬಂದ ಊನಾ ಸೋರ್ಚಾಳ ಬಾಗಿಲಲ್ಲೇ ನಿಂತಳು.

"ಆರಿಲ್ಲ ಅಲ್ವಾ? ಅಷ್ಟು ಸಾಕು ಅಕ್ಕಾ. ನಾಳೆ ಬರ್ತೀನಿ, ಇವತ್ತು ಕೇಳಬಾರದು."

"ಭಾಗ್ಯ ಹೊರಟರೆ ಹೊರಡಲಿ ಬಿಡು. ಹಾಗಾದ್ರೂ ಅದರ ಮುಖ ನೋಡಿದ ಹಾಗಾಗುತ್ತೆ," ಎಂದಳು ಸೋರ್ಚಾ. ಬೂದಿ ಸರಿಸಿ, ಕೆಂಪಗಿನ ಕೆಂಡಗಳನ್ನೇ ಆಯ್ದು ನನ್ನೊಳಗಿಟ್ಟಳು. "ನನ್ನ ಬೆಂಕಿ ಕೊಟ್ರೆ ತಾನೇ ದೋಷ? ಇದು ನಿಂದು."

ಶಾಲಿನ ಸೆರಗು ಸುತ್ತಿ ನನ್ನ ಹಿಡಿಯನ್ನು ಊನಾಳ ಕೈಗಿತ್ತಳು.