ಮಂಡಿನೋವಿನ ಮಾತ್ರೆ

ನನಗೆ ಮಂಡಿನೋವು ಇರುವುದಂತೂ ನಿಜ. ಇಷ್ಟು ವರ್ಷ ಹೊಲಿಗೆ ಯಂತ್ರ ತುಳಿದವನ ಮಂಡಿ ಇನ್ನು ಹೇಗಿರುತ್ತದೆ? ಹಾಗಾಗಿ ಅವಳು ಗುಂಡಿ ಹಾಕಿಡುವ ಸಣ್ಣ ಡಬ್ಬಿಯಲ್ಲಿ ಮಾತ್ರೆ ತಂದು, "ಮಾಸ್ಟ್ರೇ, ಇದು ಮಂಡಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದು ವಾರ ಬಿಡದೆ ತಗೊಳ್ಳಿ" ಅಂದಾಗ ನಾನು ಹಿಂದೆಮುಂದೆ ನೋಡಲಿಲ್ಲ.

ಅವಳು ನನ್ನ ಎರಡನೇ ಹೆಂಡತಿ. ನನ್ನ ಮೊದಲ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಇವಳ ಮೊದಲ ಗಂಡನೂ ತೀರಿಕೊಂಡಿದ್ದ. ನನ್ನ ಅಂಗಡಿಯಲ್ಲೇ ಕಾಜಾ ಹಾಕುವ, ಗುಂಡಿ ಹೊಲಿಯುವ ಕೆಲಸ ಮಾಡುತ್ತಿದ್ದಳು. ಆಗ ಮಾಸ್ಟ್ರೇ ಅನ್ನುತ್ತಿದ್ದಳು, ಮದುವೆಯಾದ ಮೇಲೂ ಮಾಸ್ಟ್ರೇ ಅನ್ನುತ್ತಾಳೆ. "ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತಪ್ಪ?" ಎಂದು ಮಗಳು ಕೇಳಿದ್ದಳು. ಅಡುಗೆಗೆ ಒಂದು ಜನ ಬೇಡವೇ ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಗಂಡ ಹೆಂಡಿರು ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆಂದು ಎಲ್ಲರಿಗೂ ಗೊತ್ತು. ಅರವತ್ತು ದಾಟಿದವರ ವಿಷಯಕ್ಕೆ ಬಂದರೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಮಾತ್ರೆ ನುಂಗಿದರೆ ನಾಲಿಗೆಯ ಮೇಲೆ ಕಬ್ಬಿಣದ ರುಚಿ, ಹೊಲಿಯುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಹಾಗೆ. ಎರಡು ದಿನ ತಡೆದುಕೊಂಡೆ. ಮಂಡಿ ಇದ್ದ ಹಾಗೇ ಇತ್ತು. ಮರುದಿನ ಪಕ್ಕದ ಕಟಿಂಗ್ ಶಾಪಿನವನು ಕುಂಟುತ್ತಾ ಬಂದ. ನನ್ನ ಓರಗೆಯವನೇ. ನಿಂತು ನಿಂತು ಕ್ಷೌರ ಮಾಡಿ ಅವನ ಮಂಡಿಯೂ ಕೈಕೊಟ್ಟಿತ್ತು.

"ಏನಣ್ಣ, ಒಬ್ಬನೇ ಏನೋ ನುಂಗ್ತಾ ಇದೀಯ?"

"ಮಂಡಿಗೆ ಕಣೋ. ಮನೆಯವಳು ತಂದುಕೊಟ್ಟಳು."

"ನಿನಗೇನಪ್ಪ, ಮಂಡಿ ವಿಚಾರಿಸೋಕೂ ಒಬ್ಬಳಿದಾಳೆ. ನನ್ನ ಮಂಡಿ ಇದೆಯಾ ಸತ್ತಿದೆಯಾ ಕೇಳೋರಿಲ್ಲ. ಕೊಡು ಇಲ್ಲಿ."

ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಅವನ ಅಂಗೈಗೆ ಸುರಿದೆ. ವಾರ ಕಳೆದ ಮೇಲೆ ಖಾಲಿ ಡಬ್ಬಿ ಅವಳಿಗೆ ವಾಪಸು ಕೊಟ್ಟೆ. "ಪೂರ್ತಿ ತಗೊಂಡ್ರಾ?" ಅಂದಳು. ಹೂಂ ಅಂದೆ. ಸೊಂಟನೋವೆಂದು ಅಷ್ಟು ದಿನ ಚಾಪೆ ಹಾಸಿ ಬೇರೆ ಮಲಗಿದ್ದವಳು ಆಮೇಲೆ ಮಂಚಕ್ಕೆ ಬಂದಳು.

ತಿಂಗಳು ಕಳೆದಿರಬಹುದು. ಅವಳ ಮಾತು ಕಡಿಮೆಯಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನಕ್ಕೆ ಹೋಗುತ್ತಿದ್ದಳು. ಚಾಪೆ ಮತ್ತೆ ಕೆಳಗಿಳಿಯಿತು. ಒಂದು ಮಧ್ಯಾಹ್ನ ಅಂಗಿಯ ಕಾಜಾದಿಂದ ಕಣ್ಣೆತ್ತದೆ, "ಮಾಸ್ಟ್ರೇ, ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ? ಡಾಕ್ಟರಮ್ಮ ನಿಮ್ಮನ್ನೂ ಕರ್ಕೊಂಡು ಬಾ ಅಂದಿದಾರೆ" ಎಂದಳು.

"ಮಂಡಿ ನೋಡೋಕಾ?"

ಅವಳು ಹಲ್ಲಿನಲ್ಲಿ ದಾರ ಕಡಿದಳು.

ಆಸ್ಪತ್ರೆಯ ಓಣಿಯಂಥ ಜಾಗದಲ್ಲಿ ಎರಡು ಬೆಂಚು. ಅವುಗಳ ತುಂಬ ಎಳೆ ವಯಸ್ಸಿನ ಬಸುರಿ ಹೆಂಗಸರು. ಚೀಟಿ ಕೊಡುವವನು ನನ್ನನ್ನು ನೋಡಿ ಗಟ್ಟಿಯಾಗಿ, "ಅಜ್ಜ, ಇದು ಹೆಂಗಸರ ವಿಭಾಗ. ಮೂಳೆ ಡಾಕ್ಟರು ಮಹಡಿ ಮೇಲೆ" ಅಂದ.

"ನನ್ನ ಜೊತೆ ಬಂದಿದಾರೆ" ಅಂದಳು ಇವಳು.

"ನಿಮ್ಮ ಅಣ್ಣನಾ?"

ಗಂಡ ಎಂದು ಅವಳು ಹೇಳಿದ್ದು ಅವಳಿಗೇ ಕೇಳಿಸಿರಲಿಕ್ಕಿಲ್ಲ. ಅವನು ಮತ್ತೆ ಕೇಳಿದ. ಈ ಸಲ ನಾನು ಹೇಳಿದೆ. ಬೆಂಚಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು.

ಒಳಗೆ ಡಾಕ್ಟರಮ್ಮ, ನನ್ನ ಮಗಳಿಗಿಂತ ಚಿಕ್ಕವಳು. "ಕೂತ್ಕೊಳ್ಳಿ ಅಪ್ಪ. ಹೋದ ಸಲ ಇವರ ಕೈಲಿ ಕಳಿಸಿದ ಮಾತ್ರೆ ಪೂರ್ತಿ ತಗೊಂಡ್ರಾ?"

"ಮಂಡಿ ಮಾತ್ರೆನಾ?"

ಆಕೆ ಇವಳ ಕಡೆ ತಿರುಗಿದಳು. ಇವಳು ನೆಲ ನೋಡುತ್ತಿದ್ದಳು. "ಅಮ್ಮ, ನೀವು ಇವರಿಗೆ ಹೇಳೇ ಇಲ್ವಾ?"

ಆಮೇಲೆ ಡಾಕ್ಟರಮ್ಮನೇ ಹೇಳಿದಳು, ಅಕ್ಕಿಬೇಳೆಯ ವಿಷಯ ಮಾತಾಡುವಷ್ಟು ಸಲೀಸಾಗಿ. ಇದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯಿಂದ ಬರುವ ಸೋಂಕು. ಗಂಡು ಹೆಣ್ಣು ಕೂಡಿದಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹೆಂಗಸರಿಗೆ ಉರಿ, ತುರಿಕೆ, ವಾಸನೆ ಬರುವ ಬಿಳಿಸೆರಗು. ಗಂಡಸರಲ್ಲಿ ಎಷ್ಟೋ ಮಂದಿಗೆ ಏನೂ ಗೊತ್ತಾಗುವುದೇ ಇಲ್ಲ. "ತುಂಬಾ ಜನಕ್ಕೆ ಬರುತ್ತೆ ಅಪ್ಪ, ಮಾತ್ರೆಗೆ ವಾಸಿನೂ ಆಗುತ್ತೆ. ಆದ್ರೆ ಇಬ್ಬರೂ ಒಟ್ಟಿಗೆ ತಗೋಬೇಕು. ಒಬ್ಬರು ಬಿಟ್ರೆ ವಾಸಿಯಾದವರಿಗೆ ಮತ್ತೆ ಅಂಟುತ್ತೆ. ಇವರಿಗೆ ಆಗಿರೋದು ಅದೇ."

ನಾನು ಬಾಯಿ ತೆರೆದೆ. ನಿನಗೆ ಎಷ್ಟು ಕಷ್ಟವಾಯಿತು ಎಂದು ಹೆಂಡತಿಯನ್ನು ಕೇಳಬಹುದಿತ್ತು. ಬಂದ ಮಾತು, "ಇದು ಯಾರಿಂದ ಬಂತು?"

ಇವಳು ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು.

"ಅದನ್ನ ಯಾವ ಪರೀಕ್ಷೆನೂ ಹೇಳಲ್ಲ" ಅಂದಳು ಡಾಕ್ಟರಮ್ಮ. "ಕೆಲವರಲ್ಲಿ ಇದು ಸದ್ದಿಲ್ಲದೆ ವರ್ಷಗಟ್ಟಲೆ ಇರುತ್ತೆ. ನಿಮ್ಮ ಮದುವೆಗೆ ಮುಂಚಿಂದಾನೂ ಇದ್ದಿರಬಹುದು. ಅದಿರಲಿ, ಹೋದ ಸಲದ ಮಾತ್ರೆ ಏನಾಯ್ತು?"

"ಎರಡು ದಿನ ತಗೊಂಡೆ. ಉಳಿದದ್ದು ಕಟಿಂಗ್ ಶಾಪಿನವನಿಗೆ ಕೊಟ್ಟೆ."

"ಅವರಿಗ್ಯಾಕೆ?"

"ಅವನಿಗೂ ಮಂಡಿನೋವು."

ಡಾಕ್ಟರಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಹೆಗಲು ಅಲುಗಾಡುತ್ತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, ಬೇರೆ ಕಾಯಿಲೆ ಇಲ್ಲವೆಂದು ನೋಡಲು ಇಬ್ಬರ ರಕ್ತವನ್ನೂ ತೆಗೆಸಿದಳು. ಇಬ್ಬರಿಗೂ ಮಾತ್ರೆ ಕೊಟ್ಟು, ಕುಡಿಯುವ ಅಭ್ಯಾಸವಿದ್ದರೆ ಈಗ ಬೇಡ, ಇಬ್ಬರದೂ ಮುಗಿದು ಇವರಿಗೆ ಪೂರ್ತಿ ಗುಣವಾಗುವ ತನಕ ಕೂಡಬೇಡಿ, ಮೂರು ತಿಂಗಳ ಮೇಲೆ ಇವರು ಮತ್ತೆ ಪರೀಕ್ಷೆಗೆ ಬರಲಿ ಎಂದಳು. ನಾನು ತಲೆಯಾಡಿಸಿದೆ. ಕತ್ತೆತ್ತಲಿಲ್ಲ.

ಅಂಗಡಿಯ ಹಿಂದೆಯೇ ನಮ್ಮ ಮನೆ. ಬಂದವಳೇ ಅಟ್ಟದಿಂದ ಬ್ಯಾಗು ಇಳಿಸಿದಳು. "ನನ್ನ ಮಗನ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ." ಬಟ್ಟೆ ಇಟ್ಟಳು. ಸಣ್ಣ ಕತ್ತರಿ ಇಟ್ಟಳು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿಯನ್ನೂ ಇಟ್ಟಳು. ನಾಲ್ಕು ದಿನಕ್ಕೆ ಹೋಗುವವರು ಅದನ್ನು ಒಯ್ಯುವುದಿಲ್ಲ.

"ಮಂಡಿಗೆ ಅಂತ ಯಾಕೆ ಸುಳ್ಳು ಹೇಳಿದೆ?"

"ಇನ್ನೇನು ಹೇಳ್ಲಿ ಮಾಸ್ಟ್ರೇ? ನಿಮ್ಮ ಬಾಯಲ್ಲಿ ಮೊದಲು ಯಾವ ಮಾತು ಬರುತ್ತೆ ಅಂತ ನನಗೆ ಗೊತ್ತಿತ್ತು. ಬಂತಲ್ಲ ಇವತ್ತು, ಆ ಹುಡುಗಿ ಎದುರಿಗೇ."

ಡಾಕ್ಟರಮ್ಮ ಮದುವೆಗೆ ಮುಂಚೆ ಅಂದಾಗ ನನಗೆ ತಟ್ಟನೆ ನೆನಪಾದವನು ಇವಳ ಮೊದಲ ಗಂಡ. ಲಾರಿ ಓಡಿಸುತ್ತಿದ್ದನಂತೆ. ನನ್ನ ಮೊದಲ ಹೆಂಡತಿ ನೆನಪಾಗಲಿಲ್ಲ, ನಾನಂತೂ ನೆನಪಾಗಲೇ ಇಲ್ಲ. ಮುಖ ಕಾಣದ, ಸತ್ತುಹೋದ ಒಬ್ಬನ ಮೇಲೆ ಹೊರಿಸಿ ಕೈತೊಳೆದುಕೊಂಡಿದ್ದೆ. ಅದು ಇವಳಿಗೆ ಗೊತ್ತಾಗಿದೆ ಅನ್ನಿಸಿ ನನ್ನ ಕಿವಿ ಬಿಸಿಯಾಯಿತು.

"ಮಾತ್ರೆ ಮುಗಿಯೋ ತನಕ ಇರು" ಅಂದೆ. "ಒಟ್ಟಿಗೆ ತಗೋಬೇಕು ಅಂದಿದಾರಲ್ಲ."

ಬ್ಯಾಗಿನ ಜಿಪ್ಪು ಮುಚ್ಚಿ, "ಮಾತ್ರೆ ಮುಗಿಯೋ ತನಕ" ಅಂದಳು. ತುಂಬಿದ ಬ್ಯಾಗು ಬಾಗಿಲ ಪಕ್ಕದಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಅವಳು ಅಂಗಡಿಯ ಪರದೆಯ ಹಿಂದೆ ಬರಿ ಬೆರಳಲ್ಲೇ ಗುಂಡಿ ಹೊಲಿಯುತ್ತಿದ್ದಳು. ಆಗಾಗ ಸೂಜಿ ಚುಚ್ಚಿ ಸ್ಸ್ ಅನ್ನುವುದು ಕೇಳುತ್ತಿತ್ತು. ಒಬ್ಬ ಗಿರಾಕಿ ಪ್ಯಾಂಟಿನ ಅಳತೆ ಕೊಡುತ್ತಾ ನಿಂತಿದ್ದ. ಆಗಲೇ ಕಟಿಂಗ್ ಶಾಪಿನವನು ಬಂದ. ಮೇಜಿನ ಮೇಲಿದ್ದ ಮಾತ್ರೆ ಅವನ ಕಣ್ಣಿಗೆ ಬಿತ್ತು.

"ಬಂತಲ್ಲ ನಮ್ಮ ಮಂಡಿ ಮಾತ್ರೆ! ಕೊಡಣ್ಣ ಒಂದಿಷ್ಟು. ಆವತ್ತಿಂದು ತಿಂದು ಕುದುರೆ ಆಗಿದ್ದೆ. ಒಂದೇ ತಾಪತ್ರಯ, ಸಂಜೆ ಒಂದು ಗ್ಲಾಸ್ ಹಾಕಿದ್ರೆ ಹೊಟ್ಟೇಲಿರೋದೆಲ್ಲ ಬಾಯಿಗೆ ಬರೋದು."

"ಮುಟ್ಟಬೇಡ. ಅದು ಮಂಡಿದಲ್ಲ."

"ಮತ್ತೆ ಯಾವುದರದು?"

ಪರದೆಯ ಹಿಂದೆ ಸದ್ದು ನಿಂತಿತು. ಬಾಯಿಗೆ ಎಷ್ಟು ಸುಳ್ಳು ಬಂದವು! ಹೊಟ್ಟೆಯದು, ತಲೆನೋವಿನದು. ಮನೆಯವಳದು ಎಂದರೂ ಆಗುತ್ತಿತ್ತು.

"ಗಂಡ ಹೆಂಡತಿ ನಡುವೆ ದಾಟೋ ಸೋಂಕಂತೆ" ಅಂದೆ. "ನಮ್ಮಿಬ್ಬರಿಗೂ ಇದೆ."

ಗಿರಾಕಿ ಮೇಲೆ ಫ್ಯಾನು ನೋಡತೊಡಗಿದ. ಕಟಿಂಗ್ ಶಾಪಿನವನ ಬಾಯಿ ತೆರೆದೇ ಇತ್ತು.

"ಈ ವಯಸ್ಸಲ್ಲಾ?... ಅಲ್ಲ, ನಾನೂ ತಿಂದಿದೀನಲ್ಲ, ನನಗೂ ಬಂದಿರುತ್ತಾ?"

"ಮಾತ್ರೆ ತಿಂದ್ರೆ ಬರಲ್ಲ ಕಣೋ, ಹೋಗುತ್ತೆ."

"ಅಬ್ಬ." ಎದೆ ನೀವಿಕೊಂಡವನು ಹತ್ತಿರ ಬಗ್ಗಿ ದನಿ ತಗ್ಗಿಸಿದ. "ಯಾರಿಂದ ಯಾರಿಗೆ ಬಂತಣ್ಣ?"

ಅದೇ ಮಾತು. ನನ್ನ ಕೈಯಲ್ಲಿ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಬಿಲ್ಲೆ ಇತ್ತು. ಅದು ಎರಡು ತುಂಡಾಯಿತು.

"ಅದನ್ನ ಕೇಳಬಾರದು. ನಿನ್ನೆ ನಾನೂ ಕೇಳಿ, ಮುಖ ಎಲ್ಲಿ ಇಟ್ಟುಕೊಳ್ಳಲಿ ಅಂತ ಕೂತಿದೀನಿ. ನಡಿ, ನಿನ್ನ ಗಿರಾಕಿ ಕಾಯ್ತಿರ್ತಾರೆ."

ಅವನು ಕುಂಟುವುದನ್ನೂ ಮರೆತು ಹೋದ. ಗಿರಾಕಿಯೂ ಅರ್ಧ ಅಳತೆ ಕೊಟ್ಟು, ಆಮೇಲೆ ಬರ್ತೀನಿ ಅಂದ. ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟುತ್ತದೆ, ನಾಳೆ ಮಗಳಿಗೂ.

ಪರದೆ ಸರಿಯಿತು. ಅವಳು ನನ್ನನ್ನು ನೋಡದೆ ಹಿಂದಿನ ಮನೆಗೆ ಹೋದಳು. ಬ್ಯಾಗಿನ ಜಿಪ್ಪು ಎಳೆದ ಸದ್ದು. ನಾನು ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತೆ.

ತಿರುಗಿ ಬಂದಾಗ ಒಂದು ಲೋಟ ನೀರು ತಂದಿದ್ದಳು. ಲೋಟ ಹಿಡಿದ ಕೈಯ ನಡುಬೆರಳಲ್ಲಿ ಹಿತ್ತಾಳೆಯ ಟೊಪ್ಪಿ ಇತ್ತು.

"ಡಂಗುರ ಸಾರೋದೊಂದು ಬಾಕಿ ಇತ್ತು ನೋಡಿ" ಅಂದಳು. ಅವಳ ಮುಖವೂ ಕೆಂಪಾಗಿತ್ತು. "ಬೆಳಗಿನದು ತಗೊಂಡ್ರಾ?"

"ಇಲ್ಲ. ನೀನು?"

"ಇಲ್ಲ."

ಅವಳು ಒಂದು ನುಂಗಿದಳು, ಅದೇ ಲೋಟದ ನೀರಿನಲ್ಲಿ ನಾನೊಂದು ನುಂಗಿದೆ. ಬೀದಿಯ ಕಡೆ ಇಬ್ಬರೂ ನೋಡಲಿಲ್ಲ.

"ಮಾಸ್ಟ್ರೇ, ನಿಮಗೂ ನಾಲಿಗೆ ಮೇಲೆ ಕಬ್ಬಿಣ ಕಬ್ಬಿಣ ಅನ್ಸುತ್ತಾ?"

ಹೂಂ ಅಂದೆ.