ಹಸಿರು ಟೇಪಿನ ದಾರಿ

ಶಶಿಧರ್ ಮೇಷ್ಟ್ರು ಕೆಂಪು ಟೇಪು ಕಟ್ಟಲು ಬಂದಾಗ ಗೌಸ್ ಪೀರ್ ಕೈ ಹಿಂದಕ್ಕೆಳೆದುಕೊಂಡ. ಮಂಡ್ಯದ ಅವರ ನಡಿಗೆ ಬಳಗ ವರ್ಷಕ್ಕೊಮ್ಮೆ ಶಿವನಸಮುದ್ರಕ್ಕೆ ಬರುತ್ತದೆ. ಕೆಂಪು ಟೇಪಿನವರು ಗುಡ್ಡ ಹತ್ತಿ ಬಂಡೆ ಇಳಿಯಬೇಕು, ಮೂರು ಗಂಟೆ. ಹಳದಿಯವರು ಗುಡ್ಡ ಬಳಸಿ ಬರುತ್ತಾರೆ. ಹಸಿರಿನವರಿಗೆ ನಾಲೆಯ ಏರಿ ಮೇಲಿನ ದಾರಿ, ಮುಕ್ಕಾಲು ಗಂಟೆ. ಎಲ್ಲರೂ ಸೇರುವುದು ಹೊಂಗೆಮರದ ಕಟ್ಟೆಯ ಹತ್ತಿರ.

"ನಂಗೆ ಹಸ್ರು ಕಟ್ಟಿ, ಸಾ."

"ಏನ್ ಪೀರಣ್ಣ, ಲಾರಿ ಇಂಜಿನ್ ಬಿಚ್ಚಿ ಎತ್ತೋನು, ಮುದುಕ್ರು ಜೊತೆ ಓಯ್ತೀಯಾ?" ಎಂದು ದೇವರಾಜು ನಕ್ಕ.

"ಸುಮ್ನಿರ್ಲಾ," ಎಂದು ಮೇಷ್ಟ್ರು ಗದರಿದರು.

ಹೋದ ವರ್ಷ ಹಸಿರು ಟೇಪನ್ನು ಗೌಸ್ ಪೀರನೇ ಹೆಂಡತಿ ಬಿಬಿ ಜಾನ್ ಕೈಗೆ ಕಟ್ಟಿದ್ದ. ಅವಳಿಗೆ ಕೆಂಪೇ ಬೇಕಿತ್ತು. ಎರಡು ಮೆಟ್ಟಿಲಿಗೆ ಏದುಸಿರು ಬಿಡುವವಳು ಗುಡ್ಡ ಹತ್ತುತ್ತಾಳಂತೆ ಎಂದು ಎಲ್ಲರೆದುರು ನಗಾಡಿದ್ದ. ಜೊತೆಯವರು ಅವಳನ್ನು ಕಟ್ಟೆಯಲ್ಲಿ ಕೂರಿಸಿ ಜಲಪಾತ ನೋಡಲು ಹೋದರು. ಅವನು ಗುಡ್ಡ ಇಳಿದು ಬಂದಾಗ ಮರಕ್ಕೊರಗಿದ್ದಳು. ಮೈ ತಣ್ಣಗಿತ್ತು. ಉಸಿರು ನಿಂತು ಗಂಟೆ ಮೇಲಾಗಿದೆ ಎಂದರು ಮಳವಳ್ಳಿಯ ಡಾಕ್ಟರು.

ಅವಳು ಕೂಗಿದಳೆ? ಅದೊಂದನ್ನು ತಿಳಿಯಬೇಕೆಂದೇ ಈ ಸಲ ಹಸಿರು ಕೇಳಿದ್ದ.

ನಾಲೆಯ ದಾರಿ ಸಪಾಟಾಗಿತ್ತು. ಕಲ್ಲಿಲ್ಲ, ಮುಳ್ಳಿಲ್ಲ. ಬೆವರೂ ಬರಲಿಲ್ಲ. ಕಟ್ಟೆಯ ಪಕ್ಕ ಮಾಯಮ್ಮ ಎಂಬ ಮುದುಕಿ ಸೌತೆಕಾಯಿ ಹೆಚ್ಚಿ ಮಾರುತ್ತಿದ್ದಳು.

"ಅಮ್ಮಾ, ಓದ್ ವರ್ಸ ಇಲ್ಲೊಬ್ರು ತೀರೋದ್ರಲ್ಲ, ನೀವಿದ್ರಾ?"

"ಇದ್ದೆ ಕಣಪ್ಪ. ನಿಮ್ಮೋರಾ?"

"ನನ್ನೆಂಡ್ತಿ. ಕೂಗಿದ್ಲಾ?"

ಮಾಯಮ್ಮ ಚಾಕು ಕೆಳಗಿಟ್ಟಳು. "ಇಲ್ಲ. ಗುಡ್ಡದಿಂದ ಬರೋಕೆ ಎಷ್ಟೊತ್ತಾಯ್ತದೆ ಅಂತ ಎರಡ್ ಸಲ ಕೇಳಿದ್ಲು. ಆಮೇಕೆ ಮುಖುದ್ ಮೇಲೆ ಸೆರಗೆಳ್ಕಂಡು ಒರಗಿದ್ಲು. ನಿದ್ದೆ ಅನ್ಕಂಡೆ. ಐಕ್ಳು ಬಂದು ಗಲಾಟೆ ಮಾಡಿದ್ವು. 'ಪಾಪ, ಮನಗವ್ಳೆ, ಆ ಕಡೆ ಓಗ್ರಲಾ' ಅಂತ ನಾನೇ ಓಡ್ಸುದೆ. ಒಂದು ನೊಣ ಕೂರಕೆ ಬುಡ್ಲಿಲ್ಲ, ಸಾಬ್ರೆ."

ಎಬ್ಬಿಸಿ ನೋಡಬಾರದಿತ್ತೆ ಎಂದು ಬೈಯಲು ಬಾಯಿ ತೆರೆದ. ಬೈಸಿಕೊಳ್ಳಬೇಕಾದ್ದು ಇವಳಲ್ಲ.

ಕಟ್ಟೆಯ ಮೇಲೆ ಮರಕ್ಕೆ ಬೆನ್ನು ಕೊಟ್ಟು ಕೂತ. ಅಲ್ಲಿಂದ ಗುಡ್ಡ ಪೂರಾ ಕಾಣುತ್ತಿತ್ತು. ಕೆಂಪು ಟೇಪಿನವರು ಇನ್ನೂ ನಡುಗುಡ್ಡ ದಾಟಿರಲಿಲ್ಲ. ದೇವರಾಜು ಇರಬೇಕು, ಯಾರೋ ಕೈ ಬೀಸಿದರು. ಕೂಗಿದ್ದೂ ಇರಬಹುದು. ಇಲ್ಲಿಗೆ ಏನೂ ಕೇಳಿಸಲಿಲ್ಲ.

"ಅವ್ರು ಬರೋಕೆ ಒತ್ತಾಯ್ತದೆ," ಎಂದಳು ಮಾಯಮ್ಮ.

"ಗೊತ್ತು," ಎಂದ ಗೌಸ್ ಪೀರ್.